ನಲವತ್ತೆರಡನೆಯ ಹಾಳೆ

ಮುಧೋಳ
೧೬ ಎಪ್ರಿಲ್ ೧೯೪೮

ತೀರ್ಥರೂಪ ಅಪ್ಪನವರ ಪಾದಗಳಿಗೆ ಸುಹಾಸಿನಿಯ ನಮಸ್ಕಾರ.

ಯುಗಾದಿಯ ದಿನ ಬೇವು ತಿಂದದ್ದು ಈ ಸಲ ಸಾಲಲಿಲ್ಲವೆಂದು ಕಾಣುತ್ತದೆ. ಹಬ್ಬವಾಗಿ ಐದು ದಿನಕ್ಕೆ ನಿಮ್ಮ ಪುಸ್ತಿಕೆ ಮನೆಗೆ ಬಂತು. ಜಮಖಂಡಿಯ ಧರ್ಮಸಭೆಯವರು ಮುಂಬೈ ಸರಕಾರಕ್ಕೆ ಮಾಡಿಕೊಂಡ ಬಿನ್ನಹ, ಶಾಸ್ತ್ರಾಧಾರ ಬರೆದುಕೊಟ್ಟವರು ಅನಂತಶಾಸ್ತ್ರಿಗಳು ಎಂದು ಮೇಲೆಯೇ ಅಚ್ಚಾಗಿದೆ. ನಮ್ಮ ಅತ್ತೆ ಕಾಶೀಬಾಯಿಯವರಿಗೆ ಓದಲು ಬಾರದು. ಇವರು ಕಚೇರಿಗೆ ಹೋಗಿದ್ದರು. "ನಿಮ್ಮಪ್ಪ ಬರದದ್ದು, ನೀನ ಓದು, ಕೇಳೋಣ" ಎಂದು ಅತ್ತೆ ನನ್ನನ್ನೇ ಕೂರಿಸಿದರು. ಓಣಿಯ ಹೆಂಗಸರು ಮೂವರು ಬೇಳೆ ಆರಿಸುತ್ತ ಪಡಸಾಲೆಯಲ್ಲಿ ಕುಳಿತಿದ್ದರು.

ಅಪ್ಪಾ, ನೀವು ಕಲಿಸಿದ ಹಾಗೆಯೇ ಓದಿದೆ, ಒಂದಕ್ಷರ ನುಂಗಲಿಲ್ಲ. ಮೊದಲ ಆರು ಪುಟ ನನಗೆ ಜಂಬವೇ ಆಯಿತು. ಸಂಸ್ಥಾನ ಹೋಗಿ ಮುಂಬೈಯವರ ರಾಜ್ಯ ಬಂದ ಮಾತ್ರಕ್ಕೆ ಅವರ ಕಾಯ್ದೆಗಳೆಲ್ಲ ನಮ್ಮ ಮನೆಯ ದೇವರ ಕೋಣೆಗೂ ಬರಬೇಕೇ ಎಂದು ಕೇಳಿದ್ದೀರಿ, ಚೆನ್ನಾಗಿ ಕೇಳಿದ್ದೀರಿ. ಏಳನೆಯ ಪುಟಕ್ಕೆ ಬಂದಾಗ ನಾಲಿಗೆ ತಡವರಿಸಿತು. ಹೆಂಡತಿ ಇರುವಾಗ ಗಂಡಸು ಇನ್ನೊಂದು ಮದುವೆಯಾಗಬಾರದೆಂಬ ಕಾಯ್ದೆ ಧರ್ಮಕ್ಕೆ ವಿರುದ್ಧ ಎಂದಿದ್ದೀರಿ. ಬಂಜೆಯಾದ ಹೆಂಡತಿಯನ್ನು ಎಂಟನೆಯ ವರ್ಷದಲ್ಲಿ ಬದಿಗಿಟ್ಟು ಬೇರೊಬ್ಬಳನ್ನು ತರಬಹುದೆಂದು ನಮ್ಮ ವಂಶದ ಹಳೆಯ ಕೈಬರಹದ ಪೋಥಿಯ ನಲವತ್ತೊಂದನೆಯ ಹಾಳೆ ಹೇಳುತ್ತದೆ. ಅಲ್ಲಿಗೆ ಪೂರ್ಣವಿರಾಮ ಹಾಕಿದ್ದೀರಿ. ನಾನೂ ಅಲ್ಲಿಯವರೆಗೆ ಓದಿ ನಿಲ್ಲಿಸಿದೆ.

ಎದುರು ಮನೆಯ ಕಸ್ತೂರೆವ್ವ, ಪಾಪ, ಕೆಟ್ಟದ್ದು ಎಣಿಸಿದವಳಲ್ಲ. "ನಿನ್ನ ಮದಿವ್ಯಾಗಿ ಎಷ್ಟ ವರ್ಷಾತವಾ?" ಎಂದು ಕೇಳಿದಳು. ಒಂಬತ್ತು ಎಂದೆ. ಅತ್ತೆ ಮೊರದಲ್ಲಿ ಬೇಳೆ ಕೇರುತ್ತ ಏನೂ ಅನ್ನಲಿಲ್ಲ. ಅವರು ಬೈದರೆ ನನಗೆ ಹೆದರಿಕೆಯಿಲ್ಲ, ಸುಮ್ಮನಾದರೆ ಹೆದರಿಕೆ.

ನಿಮಗೆ ನೆನಪಿರಬೇಕು. ನನಗೆ ಹನ್ನೊಂದು ವರ್ಷವಾಗಿದ್ದಾಗ ಪೋಥಿಗೆ ಒರಲೆ ಹತ್ತಿ ಹದಿನಾರು ಹಾಳೆ ಜಾಳಾಗಿದ್ದವು. ನಿಮಗೆ ಕಣ್ಣು ಬಂದಿತ್ತು. ಆ ಹಾಳೆಗಳನ್ನು ನಾನೇ ಹೊಸ ಕಾಗದಕ್ಕೆ ಇಳಿಸಿಕೊಟ್ಟೆ. ನಲವತ್ತೊಂದಕ್ಕೆ ಏನೂ ಆಗಿರಲಿಲ್ಲ, ನಲವತ್ತೆರಡು ಹಾಳಾಗಿತ್ತು. ಅದರಲ್ಲಿ ಏನಿದೆ ಎಂದು ನನಗೆ ಬಾಯಿಪಾಠ ಬರುತ್ತದೆ. ಹೀಗೆ ಮಾಡುವ ಮೊದಲು ದೋಷ ಗಂಡಸಿನದೋ ಎಂದು ವೈದ್ಯರಿಂದ ನೋಡಿಸಬೇಕು. ಅವನದಲ್ಲವೆಂದು ಖಾತ್ರಿಯಾದ ಮೇಲೂ ಹೆಂಡತಿಯ ತೌರಿನವರ ಎದುರು ಅವಳ ಬಾಯಿಂದಲೇ ಒಪ್ಪಿಗೆ ಕೇಳಬೇಕು. ಇವೆರಡೂ ಆಗದೆ ಎರಡನೆಯವಳನ್ನು ತಂದವನು ಪತಿತ. ಗಂಡಸಿಗೆ ಎಂಥ ದೋಷ ಅಪ್ಪಾ ಎಂದು ಆಗ ಕೇಳಿದ್ದೆ. ನೀವು ನಕ್ಕು, ಶಾಯಿ ಒಣಗುವ ಮೊದಲು ಮುಂದಿನ ಸಾಲು ಬರಿ ಎಂದಿದ್ದಿರಿ.

ನನ್ನದು ಒಂದೇ ಬೇಡಿಕೆ. ಮುಂದಿನ ಹಾಳೆಯನ್ನೂ ಅಚ್ಚು ಹಾಕಿಸಿರೆಂದು ಸಭೆಗೆ ಹೇಳಿ. ಕಾಯ್ದೆಯನ್ನು ಬೇಕಾದಷ್ಟು ಬೈಯಿರಿ, ನನಗೆ ತಕರಾರಿಲ್ಲ.

ನಿಮ್ಮ ಮಗಳು
ಸುಹಾಸಿನಿ


ಜಮಖಂಡಿ
೨೭ ಎಪ್ರಿಲ್ ೧೯೪೮

ಚಿರಂಜೀವಿ ಸೌಭಾಗ್ಯವತಿ ಸುಹಾಸಿನಿಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ಹೆಮ್ಮೆಪಟ್ಟೆ. ಹದಿಮೂರು ವರ್ಷದ ಹಿಂದೆ ನಕಲು ಮಾಡಿದ ಹಾಳೆ ಇನ್ನೂ ಬಾಯಲ್ಲಿದೆ! ನೀನು ಗಂಡಾಗಿದ್ದರೆ ನನ್ನ ಪಾಠಶಾಲೆಯ ನಾಲ್ಕು ದಡ್ಡರನ್ನು ಓಡಿಸಿ ನಿನ್ನನ್ನೇ ಕೂರಿಸುತ್ತಿದ್ದೆ.

ಆದರೆ ಮಗಳೆ, ಬಿನ್ನಹ ಬರೆಯುವುದು ಬೇರೆ, ಪಾಠ ಹೇಳುವುದು ಬೇರೆ. ಸರಕಾರದ ಎದುರು ನಿಂತು ನಮಗೆ ಅನುಕೂಲವಾದದ್ದನ್ನು ಹೇಳಬೇಕು. ಗಂಡಸನ್ನು ವೈದ್ಯರಿಂದ ನೋಡಿಸಬೇಕೆಂದು ಅಚ್ಚು ಹಾಕಿಸಿದರೆ ಸಭೆಯ ಹಿರಿಯರು ನನ್ನನ್ನು ಪಂಕ್ತಿಯಿಂದ ಎಬ್ಬಿಸಿಯಾರು. ಮತ್ತೆ ಇಲ್ಲಿ ಬಾಳಾಸಾಹೇಬನೆಂಬ ಹೊಸ ವಕೀಲನಿದ್ದಾನೆ. ಪುಣೆಯಲ್ಲಿ ಓದಿ ಬಂದವನು, ತಲೆಯ ಮೇಲೆ ಟೋಪಿಯೂ ಇಲ್ಲ, ಶೆಂಡಿ-ಜುಟ್ಟೂ ಇಲ್ಲ. ನಿಮ್ಮ ಪೋಥಿಯೇ ಹೀಗೆ ಹೇಳುತ್ತದಲ್ಲ, ಹಾಗಾದರೆ ಕಾಯ್ದೆಗೂ ಪೋಥಿಗೂ ಏನು ಜಗಳ ಎಂದು ಅವನು ಅದನ್ನೇ ಹಿಡಿದುಕೊಳ್ಳುತ್ತಾನೆ.

ನಿನಗೇಕೆ ಹೆದರಿಕೆ? ಅಳಿಯ ವಾಸುದೇವರು ಸಾಧು ಮನುಷ್ಯ. ಕಾಶೀಬಾಯಿಯವರ ಮನಸ್ಸಿನಲ್ಲಿ ಏನಾದರೂ ಬಂದರೂ ಮುಹೂರ್ತ ಬೇಕಲ್ಲ! ವೈಶಾಖದಲ್ಲಿ ಹೆಣ್ಣು ಹುಡುಕುವುದರೊಳಗೆ ತಿಂಗಳು ಮುಗಿಯುತ್ತದೆ. ಜ್ಯೇಷ್ಠದಲ್ಲಿ ಶುಕ್ರ ಅಸ್ತನಾಗುತ್ತಾನೆ. ಆಮೇಲೆ ಆಷಾಢ, ಅದರ ಬೆನ್ನಿಗೇ ಚಾತುರ್ಮಾಸ. ತುಳಸಿ ಲಗ್ನದವರೆಗೆ ಯಾವ ಜೋಶಿಯೂ ಲಗ್ನಪತ್ರಿಕೆಗೆ ಕೈ ಹಚ್ಚುವುದಿಲ್ಲ. ಪಂಚಾಂಗವೇ ನಿನ್ನ ಬಾಗಿಲು ಕಾಯುತ್ತಿದೆ, ನಿಶ್ಚಿಂತಳಾಗಿರು.

ಮಾವಿನಕಾಯಿ ಕಳಿಸಿದ್ದೇನೆ, ಉಪ್ಪಿನಕಾಯಿಗೆ ಮೆಂತ್ಯ ಜಾಸ್ತಿ ಹಾಕಬೇಡ.

ಅನಂತಶಾಸ್ತ್ರಿ


ಮುಧೋಳ
೨೯ ಮೇ ೧೯೪೮

ತೀರ್ಥರೂಪ ಅಪ್ಪನವರಿಗೆ ಸುಹಾಸಿನಿಯ ನಮಸ್ಕಾರ.

ಮಾವಿನಕಾಯಿ ತಲುಪಿದವು. ಉಪ್ಪಿನಕಾಯಿ ಹಾಕಿದವರು ಅತ್ತೆ, ನನ್ನನ್ನು ಮುಟ್ಟಗೊಡಲಿಲ್ಲ. ಬಂಜೆಯ ಕೈ ತಾಗಿದರೆ ಬೂಸಲು ಹಿಡಿಯುತ್ತದಂತೆ. ಒಂಬತ್ತು ವರ್ಷ ನಾನೇ ಹಾಕಿದ್ದೆ, ಒಂದು ಸಲವೂ ಬೂಸಲು ಬಂದಿರಲಿಲ್ಲ.

ಬೀಳಗಿ ಕಡೆ ಅನಗವಾಡಿಯಲ್ಲಿ ಹುಡುಗಿಯನ್ನು ನೋಡಿ ಬಂದಿದ್ದಾರೆ. ಹೆಸರು ಮಥುರಾ, ಹದಿನಾರು ವರ್ಷ. ತಂದೆ ಕೃಷ್ಣಾಜಿಪಂತರು ಹೊಳೆಯ ದಂಡೆಯ ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದಾರೆ. ಅವಳ ಕೆಳಗೆ ಇನ್ನೂ ನಾಲ್ಕು ಹೆಣ್ಣು. ಮೊದಲ ಹೆಂಡತಿ ಇದ್ದಾಳಲ್ಲ ಎಂದು ಅವರು ಹಿಂಜರಿದರಂತೆ. ಅತ್ತೆ ನಿಮ್ಮ ಪುಸ್ತಿಕೆ ತೆಗೆದು ಕೈಗೆ ಕೊಟ್ಟು, "ಆಕಿ ಅಪ್ಪನ ಬರದಾರ್ರಿ, ಇನ್ನ ಯಾರನ್ನ ಕೇಳಬೇಕು?" ಎಂದರಂತೆ. ಇದನ್ನು ಊರಿಗೆ ಬಂದು ಖುಷಿಯಿಂದ ಹೇಳಿದರು.

ನಾನು ತಡೆಯಲಾರದೆ ಅತ್ತೆಗೆ ನಲವತ್ತೆರಡನೆಯ ಹಾಳೆಯ ಮಾತು ಹೇಳಿಬಿಟ್ಟೆ, ಮೊದಲು ವೈದ್ಯರಿಂದ ಇವರನ್ನು ನೋಡಿಸಬೇಕು, ಆಮೇಲೆ ನನ್ನ ಒಪ್ಪಿಗೆ ಕೇಳಬೇಕು ಎಂದು. ಅವರ ಮುಖ ಕೆಂಪಾಯಿತು. ಅಂಥ ಹೊಲಸು ಮಾತು ಯಾವ ಶಾಸ್ತ್ರದಲ್ಲೂ ಇರಲಾರದು, ನಾನೇ ಹುಟ್ಟಿಸಿದ್ದು ಎಂದರು. ಎರಡು ದಿನ ನನ್ನ ಕೈಯ ನೀರು ಕುಡಿಯಲಿಲ್ಲ.

ಇವರ ಹತ್ತಿರವೂ ಮಾತಾಡಿದೆ. ಇವರು ಕೆಟ್ಟವರಲ್ಲ ಅಪ್ಪಾ. ಕೆಟ್ಟವರಾಗಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ಸಂಜೆ ಕಚೇರಿಯಿಂದ ಬಂದು ಕೋಟು ಗೂಟಕ್ಕೆ ಹಾಕುತ್ತಿದ್ದಾಗ ಕೇಳಿದೆ, ಒಮ್ಮೆ ವಿಜಾಪುರಕ್ಕೆ ಹೋಗಿ ಡಾಕ್ಟರನ್ನು ನೋಡೋಣ, ಇಬ್ಬರೂ ತೋರಿಸಿಕೊಳ್ಳೋಣ ಎಂದು. ಬೆನ್ನು ತಿರುಗಿಸಿಯೇ ನಿಂತಿದ್ದರು. ಗೂಟದ ಮೇಲಿನ ಕೋಟನ್ನು ಸರಿಪಡಿಸುತ್ತ, "ಹಂಗ ಮಾಡಿದರ ನಾ ಮಂದಿಗೆ ಹೆಂಗ ಮಾರಿ ತೋರಸ್ಲಿ? ನನ್ನ ಕೈಲೆ ಆಗೂದಿಲ್ಲ ಸುಹಾಸಿ" ಎಂದರು. ನನ್ನ ಮುಖದ ಬಗ್ಗೆ ಅವರಿಗೆ ಯೋಚನೆ ಬರಲಿಲ್ಲ.

ಕಾಗದ ಬರೆದು ಪ್ರಯೋಜನವಿಲ್ಲ, ನೀವೇ ಬನ್ನಿ. ಆ ಹಾಳೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಓದಿರಿ. ನಿಮ್ಮ ಬಾಯಿಂದ ಬಂದರೆ ಅತ್ತೆ ನಂಬುತ್ತಾರೆ, ಅನಗವಾಡಿಯವರೂ ನಂಬುತ್ತಾರೆ. ಬೆಳಗಿನ ಬಸ್ಸಿಗೆ ಬಂದು ಸಂಜೆಗೆ ತಿರುಗಿ ಹೋಗಬಹುದು. ಇದೊಂದನ್ನು ಮಾಡಿ.

ಸುಹಾಸಿನಿ


ಜಮಖಂಡಿ
೨೩ ಜೂನ್ ೧೯೪೮

ಮಗಳು ಸುಹಾಸಿನಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು, ಸಿಟ್ಟಾಗಬೇಡ. ನಿನ್ನ ಕಾಗದ ಕೈಗೆ ಬಂದ ದಿನವೇ ಹೊರಡಲು ಧೋತರ ಮಡಿಸಿಟ್ಟಿದ್ದೆ. ಅಷ್ಟರಲ್ಲಿ ಸರಕಾರದ ಸಾಹೇಬರು ಜನರ ಅಭಿಪ್ರಾಯ ಕೇಳಲು ಬರುತ್ತಾರೆಂದು ಸುದ್ದಿ ಬಂತು. ಸಭೆಯ ಪರವಾಗಿ ಮೊದಲು ಮಾತಾಡಬೇಕಾದವನು ನಾನು. ಅದು ಮುಗಿಸಿಯೇ ಬರೋಣವೆಂದುಕೊಂಡೆ.

ಮೊನ್ನೆ ಸೋಮವಾರ ಬಂಗಲೆಯಲ್ಲಿ ಸಾಹೇಬರು ಕುಳಿತರು. ಧಾರವಾಡದ ಕಡೆಯ ಮನುಷ್ಯ, ಮಾತಿನಲ್ಲಿ ಮರ್ಯಾದೆಯಿತ್ತು. ನನಗೆ ಕುರ್ಚಿ ಕೊಟ್ಟರು. ಬನಹಟ್ಟಿ, ರಬಕವಿಗಳಿಂದಲೂ ಜನ ಬಂದು ಕಿಟಕಿಯ ತನಕ ನಿಂತಿದ್ದರು. ನಾನು ಸ್ವರ ಎತ್ತಿ ನಲವತ್ತೊಂದನೆಯ ಹಾಳೆ ಹೇಳಿದಾಗ ಜನ ತಲೆದೂಗಿದರು. ಸಾಹೇಬರು ಬರೆದುಕೊಂಡರು. ಬರೆದುಕೊಂಡು ತಲೆ ಎತ್ತಿ ಕೇಳಿದರು:

"ಶಾಸ್ತ್ರಿಗಳ, ಈ ವಿಷಯದಾಗ ನಿಮ್ಮ ಪೋಥಿ ಹೇಳೂದು ಇಷ್ಟೇನ್ರಿ? ಮುಂದ ಮತ್ತೇನಾದರೂ ಅದ ಏನು?"

ನಿನಗೆ ಸುಳ್ಳು ಬರೆಯಲಾರೆ. ನಿನ್ನ ನೆನಪಾಯಿತು. ಹನ್ನೊಂದು ವರ್ಷದ ನೀನು, ಮೂಗಿನ ತುದಿಗೆ ಶಾಯಿ ಹತ್ತಿಸಿಕೊಂಡು ಕುಳಿತದ್ದು ಕಣ್ಣಿಗೆ ಕಟ್ಟಿತು. ಎದುರಿಗೆ ಬಾಳಾಸಾಹೇಬ ಕಾಲ ಮೇಲೆ ಕಾಲು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ. ಅಷ್ಟು ಜನರ ಎದುರು ಅವನ ಕೈಯಲ್ಲಿ ಸೋಲುವುದು ನನ್ನಿಂದ ಆಗಲಿಲ್ಲ. "ಇಷ್ಟ ಅದರಿ" ಎಂದೆ. ಅವರು ಅದನ್ನೂ ಬರೆದುಕೊಂಡು ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಈ ಸೀಮೆಯ ಜನಕ್ಕೆ ಕಾಯ್ದೆ ಒಪ್ಪಿಗೆಯಿಲ್ಲ, ಅವಸರ ಮಾಡಬಾರದೆಂದು ಮೇಲೆ ಬರೆಯುತ್ತೇನೆ ಎಂದರು. ಹೊರಗೆ ಬಂದಾಗ ಜನ ನನಗೆ ಹಾರ ಹಾಕಿದರು.

ಆ ಹಾರ ಇನ್ನೂ ಗೂಟದ ಮೇಲಿದೆ. ತೆಗೆದು ಎಸೆಯಲೂ ಮನಸ್ಸಿಲ್ಲ, ನೋಡಿದರೆ ಸಮಾಧಾನವೂ ಇಲ್ಲ.

ಆದರೂ ನಿನಗೇನೂ ಆಗುವುದಿಲ್ಲ. ಶುಕ್ರಾಸ್ತ ನಡೆದಿದೆ, ಎರಡು ವಾರಕ್ಕೆ ಆಷಾಢ. ಕಾರ್ತೀಕದವರೆಗೆ ನಾಲ್ಕು ತಿಂಗಳು ನಮ್ಮ ಕೈಯಲ್ಲಿವೆ. ಪಾಠಶಾಲೆಯ ಹುಡುಗರ ಪರೀಕ್ಷೆ ಮುಗಿಸಿ ಶ್ರಾವಣದಲ್ಲಿ ಹಾಳೆ ತೆಗೆದುಕೊಂಡು ಖಂಡಿತ ಬರುತ್ತೇನೆ. ಚಾತುರ್ಮಾಸದಲ್ಲಿ ಮದುವೆ ಮಾಡುವ ಬ್ರಾಹ್ಮಣ ಇನ್ನೂ ಹುಟ್ಟಿಲ್ಲ.

ಅನಂತಶಾಸ್ತ್ರಿ


ಮುಧೋಳ
೧ ಆಗಸ್ಟ್ ೧೯೪೮

ಅಪ್ಪನವರಿಗೆ,

ಹುಟ್ಟಿದ್ದಾನೆ. ನಮ್ಮ ಮನೆಯ ಜೋಶಿಯೇ ಅವನು.

ಮೊನ್ನೆ ಶುಕ್ರವಾರ ನಮ್ಮ ಮನೆಯಲ್ಲೇ ಮದುವೆ ಆಯಿತು. ನನಗೆ ಹೇಳಿದ್ದು ಗುರುವಾರ ಸಂಜೆ. ಮುಂಬೈ ಕಾಯ್ದೆ ಇಂದೋ ನಾಳೆಯೋ ಇಲ್ಲಿಗೂ ಬರುತ್ತದೆಂದು ಕಚೇರಿಯಲ್ಲಿ ಮಾತು ಕೇಳಿ ಇವರು ಮನೆಯಲ್ಲಿ ಹೇಳಿದ್ದಾರೆ. ಅತ್ತೆ ಆ ಗಳಿಗೆಯೇ ಜೋಶಿಯನ್ನು ಕರೆಸಿದರು. ಸಂತಾನಕ್ಕಾಗಿ ಆಗುವ ಮದುವೆಗೆ ಕಾಲದೋಷವಿಲ್ಲ ಎಂಬ ಒಂದು ಸಾಲು ಅವನ ಚೀಲದಲ್ಲಿತ್ತು. ಅದರ ಹಿಂದೆ ಮುಂದೆ ಏನಿದೆಯೋ ನನಗೆ ಗೊತ್ತಿಲ್ಲ, ಕೇಳಿದವರೂ ಇಲ್ಲ. ಅನಗವಾಡಿಯವರನ್ನು ರಾತ್ರೋರಾತ್ರಿ ಗಾಡಿಯಲ್ಲಿ ಕರೆತಂದರು.

ನನಗೆ ಹೇಳಬೇಕಾದದ್ದು ಇದಲ್ಲ. ಹೋಮಕ್ಕೆ ಮೊದಲು ಜೋಶಿ ನನ್ನನ್ನು ಕರೆದು ಎಲ್ಲರ ಎದುರು ಮಣೆಯ ಮೇಲೆ ಕೂರಿಸಿದ. ನಾನು ಅತ್ತೆಗೆ ಹೇಳಿದ ಮಾತನ್ನು ಅತ್ತೆ ಅವನಿಗೆ ಹೇಳಿದ್ದರು. ವೈದ್ಯನ ಮಾತನ್ನು ಬಿಟ್ಟು, ಒಪ್ಪಿಗೆಯ ಮಾತನ್ನು ಮಾತ್ರ ಅವನು ಆರಿಸಿಕೊಂಡಿದ್ದ. ತೌರಿನವರ ಎದುರು ಕೇಳಬೇಕಲ್ಲ ಎಂದು ಯಾರೋ ಅಂದರು. ಅದಕ್ಕೂ ದಾರಿಯಿತ್ತು. ನಿಮ್ಮ ಪುಸ್ತಿಕೆಯನ್ನು ತಂದು ನನ್ನ ಪಕ್ಕದ ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕಿದರು. ಅನಂತಶಾಸ್ತ್ರಿಗಳ ಬರಹ ಬಂದರೆ ಅನಂತಶಾಸ್ತ್ರಿಗಳೇ ಬಂದಂತೆ ಎಂದ ಜೋಶಿ. ಹೀಗೆ ನೀವು ನನ್ನ ಪಕ್ಕದಲ್ಲಿ ಕುಳಿತಿದ್ದಿರಿ ಅಪ್ಪಾ.

ಇಲ್ಲ ಎಂದುಬಿಡಬೇಕೆಂದು ಬಾಯಿ ತೆರೆದೆ. ಮಥುರಾ ಬಾಗಿಲಿಗೆ ಒರಗಿ ನಿಂತಿದ್ದಳು. ಮೈಯೆಲ್ಲ ಅರಿಶಿನ, ಹಸಿರು ಬಳೆ, ಕಣ್ಣು ಊದಿಕೊಂಡಿದ್ದವು. ಅವಳ ಅಪ್ಪ ನನ್ನ ಕಡೆಗೆ ಕೈ ಮುಗಿದರು, ವಯಸ್ಸಿನಲ್ಲಿ ನಿಮ್ಮಷ್ಟೇ ಇದ್ದಾರು. ಅರಿಶಿನ ಹಚ್ಚಿದ ಹುಡುಗಿಯನ್ನು ಆ ಗಾಡಿಯಲ್ಲಿ ತಿರುಗಿ ಕಳಿಸಿದರೆ ಕೆಳಗಿನ ನಾಲ್ವರಿಗೂ ಮದುವೆಯಿಲ್ಲ. ನಾನು "ಹೂಂ" ಎಂದೆ. ಇವರು ತಲೆ ತಗ್ಗಿಸಿ ಬೆರಳಿನ ದರ್ಭೆಯ ಪವಿತ್ರ ತಿರುವುತ್ತಿದ್ದರು.

ಇನ್ನು ನೀವು ಶ್ರಾವಣದಲ್ಲಿ ಬರುವ ಅಗತ್ಯವಿಲ್ಲ.

ಸುಹಾಸಿನಿ


ಜಮಖಂಡಿ
೧೧ ಆಗಸ್ಟ್ ೧೯೪೮

ಮಗಳೆ ಸುಹಾಸಿ,

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ನಾಚಿಕೆ ಬಿಟ್ಟು ಬಾಳಾಸಾಹೇಬನ ಮನೆಯ ಮೆಟ್ಟಿಲು ಹತ್ತಿದೆ. ಅವನು ಹಂಗಿಸಲಿಲ್ಲ, ಚಹ ತರಿಸಿದ. ಎಲ್ಲ ಹೇಳಿದೆ, ನಲವತ್ತೆರಡನೆಯ ಹಾಳೆಯನ್ನೂ ಹೇಳಿದೆ. ಅವನು ಎದ್ದು ಹೋಗಿ ಸರಕಾರಿ ಗೆಝೆಟ್ ತಂದು ನನ್ನ ಮುಂದಿಟ್ಟ. ಕೇಳು. ಕಾಯ್ದೆ ನಮ್ಮ ತಾಲ್ಲೂಕುಗಳಿಗೆ ಲಾಗೂ ಆದದ್ದು ನಿಮ್ಮಲ್ಲಿ ಮದುವೆಯಾಗುವುದಕ್ಕೆ ಎರಡು ದಿನ ಮೊದಲು! ಕಾಗದ ಮುಧೋಳಕ್ಕೆ ತಲುಪುವುದು ತಡವಾಗಿದೆ, ಅಷ್ಟೇ. ಕಾಯ್ದೆಗೆ ಮೊದಲೇ ಮುಗಿಸಿದೆವೆಂದು ಅವರು ತಿಳಿದಿದ್ದಾರೆ. ಮುಗಿಸಿಲ್ಲ. ಆ ಮದುವೆ ಮದುವೆಯೇ ಅಲ್ಲ, ಸರಕಾರದ ಲೆಕ್ಕದಲ್ಲಿ ಅದು ನಡೆದೇ ಇಲ್ಲ. ಮಾಡಿಸಿದ ಜೋಶಿಗೂ, ಮಾಡಿಕೊಂಡ ಅಳಿಯನಿಗೂ ಶಿಕ್ಷೆಯಿದೆ.

ಆ ಕಾಯ್ದೆಯನ್ನು ಬೈದು ನಾನು ಹಾರ ಹಾಕಿಸಿಕೊಂಡಿದ್ದೆ. ಈಗ ಅದರ ಪ್ರತಿಯನ್ನು ದೇವರ ಮುಂದಿಟ್ಟಿದ್ದೇನೆ. ನಗಬೇಕೆನಿಸಿದರೆ ನಗು.

ಬಾಳಾಸಾಹೇಬ ಫಿರ್ಯಾದಿಯ ಅರ್ಜಿ ಬರೆದುಕೊಟ್ಟಿದ್ದಾನೆ, ಇದರ ಜೊತೆಗೆ ಇಟ್ಟಿದ್ದೇನೆ. ಗುರುತು ಹಾಕಿದಲ್ಲಿ ನಿನ್ನದೊಂದು ಸಹಿ ಸಾಕು. ನಾನು ಬಂದು ಸಾಕ್ಷಿ ಹೇಳುತ್ತೇನೆ, ಪೂರಾ ಪೋಥಿ ಹೊತ್ತುಕೊಂಡೇ ಬರುತ್ತೇನೆ. ಆಮೇಲೆ ನಿನ್ನನ್ನು ಇಲ್ಲಿಗೆ ಕರೆತರುತ್ತೇನೆ. ಬೇಗ ಕಳಿಸು.

ನಿನ್ನ ಅಪ್ಪ


ಮುಧೋಳ
೨೬ ಸಪ್ಟೆಂಬರ್ ೧೯೪೮

ತೀರ್ಥರೂಪ ಅಪ್ಪನವರಿಗೆ ಸುಹಾಸಿನಿಯ ನಮಸ್ಕಾರ.

ನಿಮ್ಮ ಎರಡು ಜ್ಞಾಪನದ ಕಾರ್ಡುಗಳೂ ಬಂದವು. ಅರ್ಜಿಯನ್ನು ಆರು ವಾರ ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿಟ್ಟುಕೊಂಡಿದ್ದೆ. ಮೊದಲ ವಾರ ದಿನವೂ ತೆಗೆದು ಓದುತ್ತಿದ್ದೆ. ನನ್ನ ಹೆಸರು, ಊರು, ಮದುವೆಯಾದ ವರ್ಷ ಎಲ್ಲ ಸರಿಯಾಗಿ ಬರೆದಿದ್ದಾರೆ. ನನ್ನ ಜೀವಮಾನದಲ್ಲಿ ಯಾರೂ ನನ್ನ ಕಡೆಯಿಂದ ಅಷ್ಟು ನೆಟ್ಟಗೆ ಮಾತಾಡಿರಲಿಲ್ಲ. ಖರೆ ಹೇಳಬೇಕೆಂದರೆ ಸಹಿ ಹಾಕುವ ಆಸೆ ಬಹಳ ಆಗಿತ್ತು. ಇವರನ್ನು ಪೊಲೀಸರು ಕರೆದೊಯ್ಯುವುದು, ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲು ಹಿಡಿಯುವುದು, ಇದನ್ನೆಲ್ಲ ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದೆ.

ಮಥುರಾ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಇರುತ್ತಾಳೆ. ಬಂದ ಹೊಸದರಲ್ಲಿ ನಾನು ಮಾತು ಆಡಿಸಲಿಲ್ಲ. ರೊಟ್ಟಿ ಬಡಿದರೆ ಅಂಚು ಒಡೆಯುತ್ತದೆ, ಅತ್ತೆ ಬೈಯುತ್ತಾರೆ. ನಾಲ್ಕು ದಿನ ನೋಡಿ ಸಾಕಾಗಿ ಹಿಟ್ಟು ನಾದುವುದನ್ನು ತೋರಿಸಿಕೊಟ್ಟೆ. ಅಂದಿನಿಂದ ಅಕ್ಕಾ ಅಕ್ಕಾ ಎಂದು ಸೆರಗು ಬಿಡುವುದಿಲ್ಲ. ಅವಳನ್ನು ದ್ವೇಷಿಸಬೇಕೆಂದು ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

ಹೋದ ವಾರ ಅಕ್ಕಿ ತೆಗೆಯಲು ಹೋಗಿ ಅರ್ಜಿ ಅವಳ ಕೈಗೆ ಸಿಕ್ಕಿತು. ಓದಲು ಬಾರದು, ಏನಿದು ಎಂದು ಕೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ, ಓದಿ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, "ಅಕ್ಕಾ, ಇದಾದ ಮ್ಯಾಲೆ ನಾ ಯಾರು? ಕುಂಕುಮ ಹಚ್ಚಿಕೋಬೇಕೋ, ಅಳಸಬೇಕೋ?" ಎಂದಳು. ಅರ್ಜಿಯನ್ನು ಮಡಚಿಟ್ಟೆ. ಅವಳ ಅಪ್ಪನ ಮನೆಯಲ್ಲಿ ಅವಳನ್ನು ಒಳಗೆ ಕರೆದುಕೊಳ್ಳುವುದಿಲ್ಲ, ಕರೆದುಕೊಂಡರೆ ಆ ನಾಲ್ವರನ್ನು ಕೇಳುವವರಿಲ್ಲ.

ಪೋಥಿಯ ಐವತ್ತೇಳನೆಯ ಹಾಳೆಯೂ ನನಗೆ ನೆನಪಿದೆ. ಅಗ್ನಿಯ ಎದುರು ಒಮ್ಮೆ ಕೊಟ್ಟ ಹುಡುಗಿಯನ್ನು, ಆಮೇಲೆ ಎಂಥ ದೋಷ ಕಂಡರೂ, ಮತ್ತೊಬ್ಬರಿಗೆ ಕೊಡಬಾರದು. ಅದರ ಮುಂದಿನ ಹಾಳೆಗೆ ಒರಲೆ ಹತ್ತಿರಲಿಲ್ಲ, ಹಾಗಾಗಿ ಅದನ್ನು ನಾನು ಬರೆಯಲಿಲ್ಲ, ಅದರಲ್ಲಿ ಏನಿದೆಯೋ ತಿಳಿಯದು. ಅಂಥ ಹುಡುಗಿಗೆ ಒಂದು ದಾರಿ ಅಲ್ಲಿ ಹೇಳಿದ್ದರೆ ನನಗೆ ಬರೆದು ಕಳಿಸಿ. ಸಭೆಯವರಿಂದ ಅದನ್ನು ಒಪ್ಪಿಸಿ. ನಲವತ್ತೆರಡನ್ನೂ ಒಪ್ಪಿಸಿ. ಆ ದಿನವೇ ಸಹಿ ಹಾಕುತ್ತೇನೆ.

ಸುಹಾಸಿನಿ


ಜಮಖಂಡಿ
೧೯ ಡಿಸೆಂಬರ್ ೧೯೪೮

ಮಗಳೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಬೇರೆ ಕಾರಣವಿಲ್ಲ, ಬರೆಯಲು ಏನೂ ಇರಲಿಲ್ಲ.

ಐವತ್ತೆಂಟನೆಯ ಹಾಳೆ ಬಾವಿಯ ಶುದ್ಧಿಯ ವಿಷಯ. ಬಾವಿಯಲ್ಲಿ ಪ್ರಾಣಿ ಸತ್ತರೆ ಎಷ್ಟು ಕೊಡ ನೀರು ಹೊರಗೆ ಚೆಲ್ಲಬೇಕೆಂದು ವಿವರವಾಗಿ ಹೇಳಿದೆ. ಕೊನೆಯ ಹಾಳೆಯವರೆಗೆ ಓದಿದೆ, ಎರಡು ಸಲ ಓದಿದೆ. ಆ ಹುಡುಗಿಗೆ ಅಲ್ಲಿ ಏನೂ ಇಲ್ಲ. ಬಾಳಾಸಾಹೇಬನನ್ನು ಕೇಳಿದೆ, ಕಾಯ್ದೆಯಲ್ಲಾದರೂ ಏನಾದರೂ ಇದೆಯೇ ಎಂದು. ಮದುವೆ ರದ್ದೆಂದು ಹೇಳುವುದಷ್ಟೇ ಕಾಯ್ದೆಯ ಕೆಲಸ, ಆಮೇಲೆ ಅವಳು ಎಲ್ಲಿ ಊಟ ಮಾಡಬೇಕೆಂದು ಅದರಲ್ಲಿ ಬರೆದಿಲ್ಲ ಎಂದ. ಅವನಿಗೂ ಬೇಜಾರಾಗಿತ್ತು.

ನಲವತ್ತೆರಡನೆಯ ಹಾಳೆಯನ್ನು ಸಭೆಗೆ ಒಯ್ದೆ. ಓದುವ ಮೊದಲೇ ಹಿರಿಯರೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದ ಹೊಸದು, ಅಕ್ಷರ ಹೆಂಗಸಿನದು ಎಂದರು. ನನ್ನ ಮಗಳು ಚಿಕ್ಕವಳಿದ್ದಾಗ ನಕಲು ಮಾಡಿದ್ದು ಎಂದೆ. ಮೂಲ ಹಾಳೆ ಎಲ್ಲಿ ಎಂದರು. ಒರಲೆ ತಿಂದದ್ದನ್ನು ಮನೆಯಲ್ಲಿ ಇಡಬಾರದೆಂದು ಆಗಲೇ ಕೃಷ್ಣೆಯಲ್ಲಿ ಬಿಟ್ಟುಬಂದಿದ್ದೆ. "ಯಾವ ಮಗಳಿಗೆ ಸವತಿ ಬಂದಾಳೋ ಆ ಮಗಳ ಕೈಲೆ ಬರದ ಹಾಳಿ. ಶಾಸ್ತ್ರಿಗಳ, ನಿಮಗ ನಾಚಿಕಿ ಬರಬೇಕು" ಎಂದರು. ನಾನೇ ಹಿಂದೆ ಹಾಗೆ ಎಷ್ಟು ಜನರ ಹಾಳೆಗಳನ್ನು ಬೆಳಕಿಗೆ ಹಿಡಿದಿಲ್ಲ?

ಅಲ್ಲಿಂದ ಸಾಹೇಬರ ಕಚೇರಿಗೆ ಹೋದೆ. ನನ್ನ ಹೇಳಿಕೆ ತಿದ್ದಬೇಕಾಗಿದೆ ಎಂದೆ. ಕಾರಕೂನ ಕಾಗದ ಹುಡುಕಿ ತೆಗೆದು, ಇಷ್ಟೇ ಅದ ಎಂದು ನೀವೇ ಸಹಿ ಮಾಡಿದ್ದೀರಲ್ಲ ಎಂದು ತೋರಿಸಿದ. ಸಹಿ ನನ್ನದೇ. ಒಳ್ಳೆಯ ದುಂಡಗಿನ ಸಹಿ.

ಪುಸ್ತಿಕೆ ಎರಡನೆಯ ಸಲ ಅಚ್ಚಾಗುತ್ತಿದೆ. ಇನ್ನು ದೆಹಲಿಯಲ್ಲಿ ಹಿಂದೂಗಳಿಗೆಲ್ಲ ಒಂದೇ ಕಾಯ್ದೆ ಮಾಡುತ್ತಾರಂತೆ, ಅದರ ವಿರುದ್ಧ ಕಳಿಸಲು ಸಾವಿರ ಪ್ರತಿ ಬೇಕಂತೆ. ನನ್ನ ಹೆಸರು ತೆಗೆಯಿರಿ ಎಂದೆ. ಹೆಸರು ನಿಮ್ಮದಾದರೂ ಮಾತು ಪೋಥಿಯದು, ತೆಗೆಯಲು ನೀವು ಯಾರು ಎಂದರು.

ಸುಹಾಸಿ, ನೀನು ಸಹಿ ಹಾಕದಿದ್ದರೆ ಬಿಡು. ಮನೆಗೆ ಬಂದುಬಿಡು. ನಿನ್ನ ಅಪ್ಪ ಕೇಳಿಕೊಳ್ಳುತ್ತಿದ್ದಾನೆ. ನನ್ನಿಂದ ಆದ ಅನ್ಯಾಯ ನನಗೆ ಗೊತ್ತಿದೆ, ಅದನ್ನು ಹೇಳಲು ಇನ್ನೂ ದೊಡ್ಡ ಮಾತು ನನಗೆ ಬರುವುದಿಲ್ಲ.

ಅಪ್ಪ


ಮುಧೋಳ
೬ ಮಾರ್ಚ್ ೧೯೪೯

ಅಪ್ಪಾ,

ನಮಸ್ಕಾರಗಳು. ಸಂಕ್ರಾಂತಿಗೆ ನೀವು ಕಳಿಸಿದ ಕುಸುರೆಳ್ಳು ತಲುಪಿತು, ಮಥುರಾಳಿಗೆ ಅರ್ಧ ಕೊಟ್ಟೆ. ಅರ್ಜಿಯನ್ನು ಒಲೆಗೆ ಹಾಕಿದ್ದೇನೆ. ಇದನ್ನು ನಿಮಗೆ ತಿಳಿಸದೆ ಮಾಡಿದ್ದಕ್ಕೆ ಕ್ಷಮಿಸಬೇಕು. ಡಬ್ಬಿಯ ಹತ್ತಿರ ಹೋದಾಗಲೆಲ್ಲ ಆ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದೆ. ಬಹಳ ಇದೆ. ನೀವು ಒಳ್ಳೆಯವರೆಂಬುದೂ ಗೊತ್ತಿದೆ. ಎರಡನ್ನೂ ಇಟ್ಟುಕೊಂಡೇ ಇರುತ್ತೇನೆ, ಒಂದರಿಂದ ಇನ್ನೊಂದು ಕಡಿಮೆಯಾಗುತ್ತಿಲ್ಲ.

ನಾನು ಬರುವುದಿಲ್ಲ. ಕಾರಣ ಹೇಳುತ್ತೇನೆ. ಮದುವೆಯಾಗಿ ಏಳು ತಿಂಗಳಾಯಿತು. ಮಥುರಾ ಪ್ರತಿ ತಿಂಗಳೂ ಹೊರಗೆ ಕೂಡುತ್ತಾಳೆ. ಅತ್ತೆ ಮೊದಲು ಅವಳನ್ನು ಕಂಡು ಮೂಗು ಮುರಿದರು, ಈಗ ಮಾತು ನಿಲ್ಲಿಸಿದ್ದಾರೆ. ಹೋದ ಸೋಮವಾರ ವೈದ್ಯರನ್ನು ಕರೆಸಿದರು. ನನಗೆ ಮದ್ದು ಕೊಡುತ್ತಿದ್ದವರೇ, ಈಗ ಕಣ್ಣು ಇನ್ನೂ ಮಂದವಾಗಿದೆ. ಅವಳ ನಾಡಿ ಹಿಡಿದರು, ನಾಲಿಗೆ ನೋಡಿದರು, ಗರ್ಭಕೋಶ ತಣ್ಣಗಿದೆ ಎಂದರು. ನನಗೂ ಇದೇ ಮಾತು ಹೇಳಿದ್ದರು.

ನಾನು ಎಲ್ಲರ ಎದುರು ಇನ್ನೊಮ್ಮೆ ಕೇಳಿದೆ. "ವೈದ್ಯರ, ಇವರ ನಾಡೀನೂ ಒಂದೀಟು ನೋಡ್ರಿ" ಎಂದೆ. ಇವರು ಎದ್ದು ಗೂಟದಿಂದ ಕೋಟು ತೆಗೆದುಕೊಂಡು ಕಚೇರಿಗೆ ಹೊರಟುಹೋದರು. ಅಂದು ಕಚೇರಿಗೆ ರಜೆಯಿತ್ತು. ವೈದ್ಯರು ಚೀಲ ಬಿಚ್ಚಿ ಬೇರು ತೂಗತೊಡಗಿದರು.

ಆ ಕಷಾಯ ನಾನು ಆರೇಳು ವರ್ಷ ಕುಡಿದವಳು. ಕುಡಿದ ಅರ್ಧ ಗಂಟೆಗೆ ಹೊಟ್ಟೆ ಕಿವುಚುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಸಂಜೆಯವರೆಗೆ ಬಾಯಲ್ಲಿ ಕಬ್ಬಿಣದ ರುಚಿ. ಅವಳು ಸಣ್ಣ ಮೈಯವಳು, ಮೊದಲ ದಿನವೇ ಹಿತ್ತಲಲ್ಲಿ ಬಿದ್ದುಬಿಟ್ಟಳು. ಮದ್ದು ಎಲ್ಲಿ ಚೆಲ್ಲಿದರೂ ವಾಸನೆಗೇ ಗೊತ್ತಾಗಿಬಿಡುತ್ತದೆ, ಲೋಟ ಬರಿದಾಗುವವರೆಗೆ ಅತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಕುದಿಸುವ ಕೆಲಸ ನನ್ನದು. ಒಲೆಯ ಮುಂದೆ ಯಾರೂ ಬರುವುದಿಲ್ಲ.

ಅಲ್ಲಿಯೇ ಅರ್ಧ ನಾನು ಕುಡಿದು, ಉಳಿದದ್ದಕ್ಕೆ ನೀರು ಬೆರೆಸಿ ಅವಳಿಗೆ ಕೊಡುತ್ತೇನೆ. ಇವತ್ತಿಗೆ ಆರು ದಿನವಾಯಿತು. ಅವಳಿಗೆ ಗೊತ್ತಿಲ್ಲ, ಮೈಗೆ ಒಗ್ಗಿಕೊಂಡಿತು ಎಂದುಕೊಂಡಿದ್ದಾಳೆ.

ಸುಹಾಸಿನಿ